ಗೋಡೆ ಒಣಗಲಿ, ಬಣ್ಣ ಆಮೇಲೆ

ಮಳೆಗೆ ಉಬ್ಬಿದ ಒಳಗೋಡೆಯನ್ನು ಕಡಿಮೆ ಖರ್ಚಿನಲ್ಲಿ ನೀವೇ ಸರಿಮಾಡಿಕೊಳ್ಳುವ ಬಗೆ

ದಸರಾ ಹತ್ತಿರ ಬರುತ್ತಿದ್ದಂತೆ ಬಣ್ಣದ ಅಂಗಡಿಗಳಲ್ಲಿ ಜನ ತುಂಬಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಗೋಡೆಯನ್ನು ಹಬ್ಬದೊಳಗೆ ಚೆಂದ ಮಾಡಬೇಕೆಂಬ ಅವಸರ ಎಲ್ಲರಿಗೂ ಇರುತ್ತದೆ. ಉಬ್ಬಿದ್ದನ್ನು ಕೆರೆದು, ಪುಟ್ಟಿ ಎಳೆದು, ಎರಡು ಕೋಟ್ ಬಣ್ಣ ಹೊಡೆದರೆ ಮೂರ್ನಾಲ್ಕು ದಿನದಲ್ಲಿ ಕೋಣೆ ಹೊಸದರಂತೆ ಕಾಣುತ್ತದೆ. ಸಂಕ್ರಾಂತಿ ಹೊತ್ತಿಗೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಬೆರಳಿನಿಂದ ಒತ್ತಿದರೆ ಬಿಳಿ ಪುಡಿ ಉದುರುತ್ತದೆ. ಬೈಗುಳ ಮಾತ್ರ ಬಣ್ಣದ ಕಂಪನಿಗೆ, ಪೇಂಟರ್‌ಗೆ. ಮುಂದಿನ ದಸರೆಗೆ ಮತ್ತೆ ಅದೇ ಗೋಡೆ, ಅದೇ ಖರ್ಚು.

ಇದರಲ್ಲಿ ಬಣ್ಣದ ತಪ್ಪು ತೀರಾ ಕಡಿಮೆ. ಕೆಲಸದ ಕ್ರಮವೇ ತಪ್ಪಿರುತ್ತದೆ. ಮೊದಲು ನೀರು ನಿಲ್ಲಬೇಕು, ಆಮೇಲೆ ಗೋಡೆ ಒಣಗಬೇಕು, ಕೊನೆಗೆ ಬಣ್ಣ. ಈ ಮೂರನ್ನು ಇದೇ ಸಾಲಿನಲ್ಲಿ ಮಾಡಿದರೆ ಒಂದು ಕೋಣೆಯ ಗೋಡೆಯನ್ನು ಮನೆಯವರೇ ರಿಪೇರಿ ಮಾಡಿಕೊಳ್ಳಬಹುದು. ದುಬಾರಿ ಸಾಮಾನೇನೂ ಬೇಕಾಗಿಲ್ಲ. ಬೇಕಾದದ್ದು ತಾಳ್ಮೆ.

ಬೇಕಾಗುವ ಸಾಮಾನು

3 ಇಂಚಿನ ಕೆರೆಯುವ ಪಟ್ಟಿ, 6 ಇಂಚಿನ ಪುಟ್ಟಿ ಬ್ಲೇಡ್, ಒಂದು ಒಣ ಗಟ್ಟಿ ಬ್ರಷ್, ಸಣ್ಣ ಕರಣೆ, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್, 4 ಇಂಚಿನ ಬ್ರಷ್, ರೋಲರ್, ಮಾಸ್ಕಿಂಗ್ ಟೇಪು, ದಪ್ಪ ಪ್ಲಾಸ್ಟಿಕ್ ಹಾಳೆ, ಕೈಗವಸು, ಕನ್ನಡಕ, ಮಾಸ್ಕ್. ವೈಟ್ ಸಿಮೆಂಟ್ ಪುಟ್ಟಿ, ಪ್ರೈಮರ್, ಎಮಲ್ಷನ್ ಬಣ್ಣವನ್ನು ಈಗಲೇ ತರಬೇಡಿ. ತಂದಿಟ್ಟ ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಅವಸರ ಹುಟ್ಟಿಸುತ್ತದೆ. ಪುಟ್ಟಿಯ ಚೀಲವೂ ಮಳೆಗಾಲದ ಹವೆಗೆ ಗಟ್ಟಿಯಾಗುತ್ತದೆ.

ಹೆಜ್ಜೆ 1: ನೀರು ಎಲ್ಲಿಂದ ಬರುತ್ತಿದೆ?

ಕಲೆ ಇರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ.

*ಗೋಡೆಯ ಮೇಲ್ಭಾಗ ಮತ್ತು ಸೀಲಿಂಗ್ ಮೂಲೆ:* ನೀರು ತಾರಸಿಯಿಂದ ಬರುತ್ತಿದೆ. ಮೇಲೆ ಹೋಗಿ ನೋಡಿ. ನೀರು ಹೊರಹೋಗುವ ಕಿಂಡಿಯಲ್ಲಿ ಎಲೆ, ಮಣ್ಣು, ಹಳೆಯ ಹೂಕುಂಡದ ಚೂರು ಸಿಕ್ಕಿಕೊಂಡಿರುತ್ತದೆ. ತಾರಸಿಯ ವಾಟ ಸರಿಯಿಲ್ಲದಿದ್ದರೆ ಮಳೆ ನಿಂತ ಮೇಲೂ ಒಂದು ಕಡೆ ನೀರು ನಿಂತಿರುತ್ತದೆ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು, ಒಂದು ಮಳೆಗಾಲದಲ್ಲಿ ಒಳಗಿನ ಗೋಡೆ ಹಾಳಾಗುತ್ತದೆ.

*ಕಿಟಕಿಯ ಸುತ್ತ:* ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು ಬಿಟ್ಟಿರುತ್ತದೆ. ಇಲ್ಲವೇ ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಇರಬೇಕಾದ ಸಣ್ಣ ಕಾಲುವೆ ಇರುವುದಿಲ್ಲ. ಅದಿಲ್ಲದಿದ್ದರೆ ನೀರು ಸಜ್ಜಾದ ತಳಕ್ಕೆ ಅಂಟಿಕೊಂಡೇ ಗೋಡೆಯವರೆಗೆ ಹರಿದು ಬರುತ್ತದೆ.

*ಬಚ್ಚಲುಮನೆಗೆ ಬೆನ್ನು ಹಾಕಿದ ಗೋಡೆ:* ಟೈಲ್ಸ್ ಸಂದು ಅಥವಾ ಒಳಗಿನ ಪೈಪು. ನಾಲ್ಕು ದಿನ ಆ ಬಚ್ಚಲು ಬಳಸದೆ ನೋಡಿ. ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದಿಡಿ. ಬಚ್ಚಲು ಬಳಸದಿದ್ದರೂ ಕಲೆ ಗೆರೆ ದಾಟಿ ಬೆಳೆದರೆ ಒಳಗಿನ ಪೈಪು ಸೋರುತ್ತಿದೆ. ಬೆಳೆಯುವುದು ನಿಂತರೆ ಟೈಲ್ಸ್ ಸಂದಿನ ಮೇಲೆ ಅನುಮಾನಪಡಬಹುದು.

*ನೆಲದಿಂದ ಮೇಲಕ್ಕೆ ಸುಮಾರು ಮೂರು ಅಡಿ:* ಇದು ನೆಲದ ನೀರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ, ಕಲ್ಲು, ಗಾರೆ ಮಣ್ಣಿನ ತೇವವನ್ನು ಮೇಲಕ್ಕೆ ಎಳೆಯುತ್ತವೆ. ಬುನಾದಿಯ ಮೇಲೆ ತೇವ ತಡೆಯುವ ಪದರ ಹಾಕದ ಹಳೆಯ ಮನೆಗಳಲ್ಲಿ, ಕರಾವಳಿಯ ಮುರಕಲ್ಲಿನ ಮನೆಗಳಲ್ಲಿ ಇದು ಹೆಚ್ಚು. ಹೊರಗೆ ಗೋಡೆಗೆ ಒರಗಿಸಿ ಮಣ್ಣು ಪೇರಿಸಿದ್ದೀರಾ, ಕೈತೋಟದ ಪಾತಿ ಇದೆಯಾ, ಮಳೆನೀರಿನ ಪೈಪು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆಯಾ ಎಂದು ಮೊದಲು ನೋಡಿ. ಮಣ್ಣನ್ನು ಒಳಗಿನ ನೆಲಮಟ್ಟಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿಳಿಸಿ. ಪೈಪಿಗೆ ಒಂದು ಮೊಣಕೈ ಜೋಡಿಸಿ ನೀರನ್ನು ದೂರ ಬಿಡಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಕಲೆ ಇಳಿಯುತ್ತದೆ.

*ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಚುಕ್ಕೆ:* ಇಲ್ಲಿ ನೀರು ಹೊರಗಿನಿಂದ ಬರದೇ ಇರಬಹುದು. ಅಡುಗೆಯ ಆವಿ, ಒಳಗೆ ಹಾಕಿದ ಒದ್ದೆ ಬಟ್ಟೆ, ಬಿಸಿನೀರಿನ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಆ ಪಸೆಗೆ ಬೂಷ್ಟು ಹಿಡಿಯುತ್ತದೆ.

ಅನುಮಾನ ಉಳಿದರೆ ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪು ಅಂಟಿಸಿ ಮುಚ್ಚಿ. ಎರಡು ದಿನ ಬಿಡಿ. ಹಾಳೆಯ ಮೇಲೆ, ಕೋಣೆಯ ಕಡೆಗೆ ಹನಿ ಕೂತರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಒಳಗೆ, ಗೋಡೆಯ ಕಡೆಗೆ ಹನಿ ಕೂತರೆ ಗೋಡೆಯೇ ನೀರು ಬಿಡುತ್ತಿದೆ. ಟೇಪು ಅಂಟಿಕೊಳ್ಳಲೇ ಇಲ್ಲವೆಂದರೆ ಅದೂ ಒಂದು ಉತ್ತರವೇ.

ಗೋಡೆಯ ಬಿಳಿ ಪುಡಿ ಉಪ್ಪೋ ಬೂಷ್ಟೋ ಎಂದು ಗೊತ್ತಾಗದಿದ್ದರೆ ಅದರ ಮೇಲೆ ಒಂದು ತೊಟ್ಟು ನೀರು ಬಿಡಿ. ಕರಗಿ ಕಾಣದಂತಾದರೆ ಉಪ್ಪು. ಕರಗದೆ ಮೆತ್ತಿಕೊಂಡರೆ ಬೂಷ್ಟು.

ಹೆಜ್ಜೆ 2: ನೀರು ನಿಲ್ಲಿಸಿ

ತಾರಸಿಯ ಸಣ್ಣ ಬಿರುಕನ್ನು ಕೆರೆದು ಸ್ವಲ್ಪ ಅಗಲ ಮಾಡಿ, ದೂಳು ತೆಗೆದು, ಬಿರುಕು ತುಂಬುವ ಪೇಸ್ಟ್ ತುಂಬಿ. ಅದರ ಮೇಲೆ ಹೊರಗೋಡೆಗೆಂದೇ ಬರುವ ವಾಟರ್‌ಪ್ರೂಫ್ ಲೇಪನವನ್ನು ಒಂದು ಅಡಿ ಅಗಲಕ್ಕೆ ಎರಡು ಕೋಟ್ ಹಚ್ಚಿ. ಇದನ್ನು ಒಣ ತಾರಸಿಯ ಮೇಲೆ ಮಾತ್ರ ಮಾಡಬೇಕು. ಕಿಟಕಿಯ ಸಂದಿಗೆ ಹೊರಗಿನಿಂದ ಅಕ್ರಿಲಿಕ್ ಸೀಲಂಟ್ ಹಾಕಿ. ಸಾಮಾನ್ಯ ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ, ಆದ್ದರಿಂದ ಅಂಗಡಿಯವರನ್ನು ಸರಿಯಾಗಿ ಕೇಳಿ ತನ್ನಿ. ಬಚ್ಚಲಿನ ಟೈಲ್ಸ್ ಸಂದುಗಳಲ್ಲಿರುವ ಹಳೆಯದನ್ನು ಕೆರೆದು ತೆಗೆದು ಹೊಸ ಗ್ರೌಟ್ ತುಂಬಿ, ಒಂದು ದಿನ ನೀರು ತಾಗಿಸಬೇಡಿ. ಒಳಗಿನ ಪೈಪು ಸೋರುತ್ತಿದ್ದರೆ ಪ್ಲಂಬರ್‌ನನ್ನು ಕರೆಯುವುದೊಂದೇ ದಾರಿ.

ಬಾಡಿಗೆ ಮನೆಯಲ್ಲಿರುವವರು ಈ ಹಂತದಲ್ಲೇ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ. ಸೋರಿಕೆ ನಿಲ್ಲಿಸುವುದು ಅವರ ಕೆಲಸ. ಅವರು ನಿಲ್ಲಿಸುವ ಮುಂಚೆ ಬಣ್ಣಕ್ಕೆ ನಿಮ್ಮ ದುಡ್ಡು ಹಾಕಬೇಡಿ.

ಇವಕ್ಕೆ ಕೈ ಹಾಕಬೇಡಿ

ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಮೊದಲು ಆ ಲೈನಿನ ಎಂಸಿಬಿ ಇಳಿಸಿ. ಗೋಡೆ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಇದರಲ್ಲಿ ಧೈರ್ಯ ತೋರಿಸಬಾರದು.

ಸೀಲಿಂಗ್‌ನಲ್ಲಿ ಕಂಬಿ ಕಾಣುತ್ತಿದ್ದರೆ, ತುಕ್ಕಿನ ಕಲೆ ಉದ್ದಕ್ಕೆ ಗೆರೆಯಾಗಿ ಬಂದಿದ್ದರೆ, ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಓರೆಯಾಗಿ ಹೋಗಿದ್ದರೆ ಎಂಜಿನಿಯರ್ ನೋಡಬೇಕು. ಪುಟ್ಟಿಯಿಂದ ಅದನ್ನು ಮುಚ್ಚಿದವರು ಅಪಾಯವನ್ನೇ ಮುಚ್ಚಿಟ್ಟಂತೆ.

ಹಳೆಯ ಕಿಟಕಿ, ಬಾಗಿಲಿನ ಎನಾಮಲ್ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳನ್ನು, ಗರ್ಭಿಣಿಯರನ್ನು ಆ ಕೋಣೆಯಿಂದ ದೂರವಿಡಿ.

ಹೆಜ್ಜೆ 3: ಕೆರೆಯಿರಿ

ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಸದ್ದು ಚಿಕ್ಕದಾಗಿ, ಬಿಗಿಯಾಗಿ ಬರುತ್ತದೆ. ಪ್ಲಾಸ್ಟರ್ ಬಿಟ್ಟುಕೊಂಡಿರುವ ಕಡೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿ, ಗೆರೆಯಿಂದ ಒಂದು ಗೇಣು ಆಚೆಗೂ ಕೆರೆಯಿರಿ. ಬಣ್ಣ, ಪುಟ್ಟಿ ಎರಡೂ ಪೂರ್ತಿ ಹೋಗಬೇಕು. ಉಗುರಿನಿಂದ ಗೀರಿದರೆ ಮರಳು ಉದುರುವ ಪ್ಲಾಸ್ಟರನ್ನು ಇಟ್ಟಿಗೆ ಕಾಣುವವರೆಗೆ ತೆಗೆಯಿರಿ.

ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ, ಮೊರದಲ್ಲಿ ತುಂಬಿ ಹೊರಗೆ ಹಾಕಿ. ಅನೇಕರು ಇಲ್ಲಿ ಬಕೆಟ್ ನೀರು ತಂದು ಗೋಡೆ ತೊಳೆಯುತ್ತಾರೆ. ತೊಳೆದ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ, ಒಣಗಿದಾಗ ಮತ್ತೆ ಹೊರಗೆ ಬರುತ್ತದೆ. ಮುಂದಿನ ವಾರಗಳಲ್ಲಿ ಉಪ್ಪು ಬಂದಾಗಲೆಲ್ಲ ಒಣಗಿದ್ದಾಗಲೇ ಗುಡಿಸಿ ತೆಗೆಯಿರಿ.

ಬೂಷ್ಟು ಇದ್ದರೆ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕದಡಿ, ಸುಣ್ಣದಂಥ ಗಸಿ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಸ್ಪಂಜಿನಿಂದ ಹಚ್ಚಿ. ಹದಿನೈದು ನಿಮಿಷ ಬಿಟ್ಟು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ಬೇರೆ ಕ್ಲೀನರನ್ನಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ವಿಷದ ಗಾಳಿ.

ಹೆಜ್ಜೆ 4: ಒಣಗಲು ಬಿಡಿ

ಇಡೀ ಕೆಲಸ ಕೆಡುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಗೋಡೆ ಎಷ್ಟು ನೀರು ಹಿಡಿಯಬಲ್ಲದು ಎಂಬ ಅಂದಾಜು ಹೆಚ್ಚಿನವರಿಗೆ ಇಲ್ಲ. ಭಾರತೀಯ ಮಾನಕ ಸಂಸ್ಥೆಯ ಲೆಕ್ಕದಲ್ಲಿ ಸಾಮಾನ್ಯ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ 20ರವರೆಗೆ ನೀರು ಹೀರಿದರೂ ಅದು ಒಳ್ಳೆಯ ಇಟ್ಟಿಗೆಯೇ. ಅಂದರೆ 3 ಕಿಲೊ ತೂಗುವ ಒಂದೇ ಇಟ್ಟಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳಬಹುದು. ನಿಮ್ಮ ಕೋಣೆಯ ಒದ್ದೆ ಭಾಗದಲ್ಲಿ ಅಂಥ ಇಟ್ಟಿಗೆಗಳು ಎಷ್ಟಿವೆ ಎಂದು ಲೆಕ್ಕ ಹಾಕಿ. ಮುಟ್ಟಿ ನೋಡಿದಾಗ ಮೇಲ್ಮೈ ಒಣಗಿದಂತೆ ಅನ್ನಿಸುತ್ತದೆ. ಒಳಗೆ ಬಕೆಟ್‌ಗಟ್ಟಲೆ ನೀರು ಹಾಗೆಯೇ ಇರುತ್ತದೆ.

ಆ ನೀರು ಹೊರಗೆ ಹೋಗಲೇಬೇಕು. ಹೋಗುವಾಗ ಇಟ್ಟಿಗೆ, ಸಿಮೆಂಟ್, ಮರಳಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಮೇಲ್ಮೈಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ನೀವು ಆಗಲೇ ಪುಟ್ಟಿ, ಬಣ್ಣ ಹಚ್ಚಿದ್ದರೆ ಹರಳು ಕಟ್ಟುವುದು ಆ ಪದರದ ಹಿಂದೆ. ಹರಳು ಬೆಳೆಯುತ್ತಾ ಪದರವನ್ನು ಗೋಡೆಯಿಂದ ಎಬ್ಬಿಸುತ್ತದೆ. ಗುಳ್ಳೆ ಏಳುವುದು, ಹೊಪ್ಪಳೆ ಬೀಳುವುದು ಹೀಗೆ. ಮಳೆ ನಿಂತು ಬಿಸಿಲು ಬಂದ ಮೇಲೆ, ಒಣಗುವ ತಿಂಗಳುಗಳಲ್ಲೇ ಬಣ್ಣ ಏಳುವುದಕ್ಕೂ ಇದೇ ಕಾರಣ. ಬಣ್ಣ ಹೆಚ್ಚು ದುಬಾರಿಯಾದಷ್ಟೂ, ಹೆಚ್ಚು ಹೊಳಪಿನದಾದಷ್ಟೂ ಅದರ ಪದರದಿಂದ ಆವಿ ಹೊರಬರುವುದು ಕಷ್ಟ. ಒದ್ದೆ ಗೋಡೆಗೆ ದುಬಾರಿ ಬಣ್ಣ ಹಚ್ಚಿದವರಿಗೇ ಹೆಚ್ಚು ನಷ್ಟ.

ಹಾಗಾದರೆ ಎಷ್ಟು ದಿನ ಕಾಯಬೇಕು? ಒಂದು ಇಂಚು ದಪ್ಪದ ಗೋಡೆಗೆ ಒಂದು ತಿಂಗಳು ಎಂಬುದು ಕಟ್ಟಡದ ಕೆಲಸದವರಲ್ಲಿ ಬಳಕೆಯಲ್ಲಿರುವ ಒಂದು ಸ್ಥೂಲ ಲೆಕ್ಕ. ಕಲಬುರಗಿ, ಬಳ್ಳಾರಿಯಂಥ ಬಿಸಿಲಿನ ಊರಿನಲ್ಲಿ ಇಷ್ಟು ಬೇಡ. ಆಗುಂಬೆ, ಮಡಿಕೇರಿ ಕಡೆ ಒಂದು ವಾರ ಬಿಸಿಲು ಬಿತ್ತೆಂದು ನಂಬಬೇಡಿ. ಬೆಂಗಳೂರು, ಮೈಸೂರು, ಕೋಲಾರದ ಕಡೆ ಇನ್ನೊಂದು ತೊಡಕಿದೆ. ಅಲ್ಲಿ ಮಳೆ ಸೆಪ್ಟೆಂಬರ್‌ಗೆ ಮುಗಿಯುವುದಿಲ್ಲ, ಹಿಂಗಾರು ಅಕ್ಟೋಬರ್, ನವೆಂಬರ್‌ನಲ್ಲೂ ಸುರಿಯುತ್ತದೆ. ದಸರೆಗೆ ಬಣ್ಣ ಹೊಡೆದವರ ಗೋಡೆ ದೀಪಾವಳಿಗೆ ಮತ್ತೆ ನೀರು ಕುಡಿಯುತ್ತದೆ.

ದಿನ ಎಣಿಸುವುದಕ್ಕಿಂತ ಗೋಡೆಯನ್ನೇ ಕೇಳುವುದು ಮೇಲು. ಮೊದಲ ಹೆಜ್ಜೆಯ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಕೆರೆದ ಗೋಡೆಯ ಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿ. ಎರಡು ದಿನ ಇಟ್ಟು ತೆಗೆದಾಗ ಒಳಗೆ ಒಂದು ಹನಿಯೂ ಇರಬಾರದು, ಹಾಳೆಯ ಕೆಳಗಿನ ಗೋಡೆ ಸುತ್ತಲಿನ ಗೋಡೆಗಿಂತ ಕಪ್ಪಾಗಿ ಕಾಣಬಾರದು. ಸತತ ಎರಡು ಸಲ ಹೀಗೆ ಬಂದರೆ, ಮತ್ತು ಒಂದು ತಿಂಗಳಿಂದ ಹೊಸ ಉಪ್ಪು ಕಾಣದಿದ್ದರೆ, ಗೋಡೆ ತಯಾರಾಗಿದೆ.

ಒಣಗಲು ಸಹಾಯ ಮಾಡಬಹುದು. ಬೀರು, ಮಂಚವನ್ನು ಗೋಡೆಯಿಂದ ನಾಲ್ಕು ಇಂಚು ಸರಿಸಿ. ಹೊರಗೆ ಬಿಸಿಲಿದ್ದಾಗ ಎದುರುಬದುರು ಕಿಟಕಿ ತೆರೆದಿಡಿ. ಟೇಬಲ್ ಫ್ಯಾನನ್ನು ಗೋಡೆಯ ಕಡೆಗೆ ತಿರುಗಿಸಿ. ಹೀಟರ್ ಅಥವಾ ಕೆಂಡ ಇಟ್ಟು ಬೇಗ ಒಣಗಿಸಲು ಹೋಗಬೇಡಿ. ಮೇಲ್ಮೈ ಮಾತ್ರ ಬಿಸಿಯಾಗಿ ಒಣಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಅದರ ಗಾಳಿಯಿಂದ ಪ್ರಾಣಕ್ಕೇ ಅಪಾಯ.

ಕಾಯಲು ಮನಸ್ಸಿಲ್ಲದವರಿಗೆ ಅಂಗಡಿಯಲ್ಲಿ ಮೂರು ಸಲಹೆ ಸಿಗುತ್ತವೆ. ಮೂರನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು, ಒಳಗೋಡೆಗೇ ವಾಟರ್‌ಪ್ರೂಫ್ ಲೇಪನ ಹೊಡೆಯುವುದು. ಹೊರಗಿನ ನೀರು ನಿಲ್ಲದೆ ಒಳಗೆ ಹೊಡೆದರೆ ನೀರು ಪಕ್ಕಕ್ಕೆ, ಮೇಲಕ್ಕೆ ದಾರಿ ಹುಡುಕುತ್ತದೆ. ಎರಡನೆಯದು, ಪಿವಿಸಿ ಪ್ಯಾನಲ್ ಅಥವಾ ವಾಲ್‌ಪೇಪರ್ ಹಾಕಿ ಮುಚ್ಚುವುದು. ಅದರ ಹಿಂದೆ ಬೂಷ್ಟು ಕಣ್ಣಿಗೆ ಬೀಳದೆ ಬೆಳೆಯುತ್ತದೆ, ಆ ಕೋಣೆಯಲ್ಲಿ ಮಲಗುವವರ ಉಸಿರಿಗೆ ಸೇರುತ್ತದೆ. ದಮ್ಮು ಇರುವವರ ಮನೆಯಲ್ಲಂತೂ ಇದು ಸಲ್ಲದು. ಮೂರನೆಯದು, ಕೆಳಗಿನ ಮೂರು ನಾಲ್ಕು ಅಡಿಗೆ ಟೈಲ್ಸ್ ಅಂಟಿಸುವುದು. ನಾನು ನೋಡಿದ ಒಂದು ಹಳೆಯ ಮನೆಯಲ್ಲಿ ನಡುಮನೆಯ ಗೋಡೆಗೆ ಎದೆಮಟ್ಟಕ್ಕೆ ಟೈಲ್ಸ್ ಹಾಕಿಸಿದ್ದರು. ಮೂರು ಅಡಿಗೆ ನಿಂತಿದ್ದ ತೇವ ಹೊರಬರಲು ಜಾಗವಿಲ್ಲದೆ ಟೈಲ್ಸ್ ದಾಟಿ ಮೇಲೆ ಬಂದಿತ್ತು. ದೇವರ ಪಟಗಳ ಹಿಂದಿನ ರಟ್ಟು ಮೆತ್ತಗಾಗಿ ಬಾಗಿತ್ತು.

ಮಣ್ಣಿನ ಗೋಡೆ, ಸುಣ್ಣದ ಗಾರೆಯ ಹಳೆಯ ಮನೆಗಳಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕು. ಆ ಗೋಡೆಗಳು ಉಸಿರಾಡುತ್ತಲೇ ನೂರು ವರ್ಷ ನಿಂತಿವೆ. ಅವುಗಳ ಮೇಲೆ ಸಿಮೆಂಟ್ ಪ್ಲಾಸ್ಟರ್, ಅಕ್ರಿಲಿಕ್ ಬಣ್ಣ ಹಾಕಿದರೆ ತೇವ ಒಳಗೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಅಂಥ ಮನೆಯವರು ಈ ಲೇಖನದ ಮುಂದಿನ ಹೆಜ್ಜೆಗಳನ್ನು ಬಿಟ್ಟು, ಸುಣ್ಣದ ಗಾರೆಯಲ್ಲೇ ತೇಪೆ ಹಾಕಿಸಿ ಸುಣ್ಣ ಬಳಿಯಿರಿ.

ಹಬ್ಬಕ್ಕೆ ಬಂದವರ ಎದುರು ಕೆರೆದ ಗೋಡೆ ಹೇಗೆ ಇಟ್ಟುಕೊಳ್ಳುವುದು ಎಂದು ಕೇಳುವವರಿದ್ದಾರೆ. ಉತ್ತರ ಅದೇ ಸುಣ್ಣ. ನೆನೆಸಿಟ್ಟ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಚಿಟಿಕೆ ನೀಲಿ ಬೆರೆಸಿ ಎರಡು ಸಲ ಬಳಿಯಿರಿ. ಇದು ತೇವವನ್ನು ತಡೆಯುವುದಿಲ್ಲ, ಹೊರಗೆ ಹೋಗಲು ಬಿಡುತ್ತದೆ. ಸುಣ್ಣದ ಖಾರಕ್ಕೆ ಬೂಷ್ಟೂ ಬೇಗ ಹಿಡಿಯುವುದಿಲ್ಲ. ಕೋಣೆ ಬೆಳ್ಳಗೆ ಚೊಕ್ಕವಾಗಿ ಕಾಣುತ್ತದೆ. ಬಣ್ಣ ಹೊಡೆಯುವ ಮುಂಚೆ ಇದನ್ನು ಪೂರ್ತಿ ಕೆರೆದು ತೆಗೆಯಬೇಕು, ಅಷ್ಟೇ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಹಾನಿ. ಬಳಿಯುವಾಗ ಕನ್ನಡಕ ಹಾಕಿಕೊಳ್ಳಿ. ಹಾರಿ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರ ಹತ್ತಿರ ಹೋಗಿ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಊರುಗಳಲ್ಲಿ ಮನೆಗೆ ಬಣ್ಣ ಹೊಡೆಸುವ ಹಬ್ಬ ಯುಗಾದಿಯೇ ಆಗಬೇಕು. ದೀಪಾವಳಿಗೆ ಕೆರೆದು ಸುಣ್ಣ, ಸಂಕ್ರಾಂತಿಯಿಂದ ಪರೀಕ್ಷೆ, ಶಿವರಾತ್ರಿಗೆ ಮುಂಚೆಯೇ ತೇಪೆ, ಅದು ಒಣಗಿದ ಮೇಲೆ ಪುಟ್ಟಿ, ಯುಗಾದಿಗೆ ಬಣ್ಣ. ಆಗ ಪೇಂಟರ್‌ಗಳೂ ಸುಲಭವಾಗಿ ಸಿಗುತ್ತಾರೆ.

ಹೆಜ್ಜೆ 5: ತೇಪೆ ಹಾಕಿ

ಇಟ್ಟಿಗೆ ಕಾಣುವವರೆಗೆ ಪ್ಲಾಸ್ಟರ್ ತೆಗೆದ ಕಡೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು ಸೇರಿಸಿ. ಎಂ-ಸ್ಯಾಂಡ್ ಆದರೆ ಪ್ಲಾಸ್ಟರಿಂಗ್‌ಗೆಂದೇ ಬರುವ ನಯವಾದದ್ದನ್ನು ಕೇಳಿ. ಸಮುದ್ರ ತೀರದ ಮರಳು ಬೇಡ, ಅದರಲ್ಲೇ ಉಪ್ಪಿದೆ. ಅಂಚುಗಳಿಗೆ ನೀರು ಚಿಮುಕಿಸಿ, ಕರಣೆಯಿಂದ ಒತ್ತಿ ತುಂಬಿ, ಹಳೆಯ ಪ್ಲಾಸ್ಟರಿನ ಮಟ್ಟಕ್ಕಿಂತ ಒಂದು ಕೂದಲು ತಗ್ಗಾಗಿ ನಿಲ್ಲಿಸಿ. ಅರ್ಧ ಇಂಚಿಗಿಂತ ಆಳವಿದ್ದರೆ ಎರಡು ಸಲ ತುಂಬಿ. ಏಳು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಹಸಿಯಾಗಿಡಿ. ಒಣಗಲಿ ಎಂದೆ, ಈಗ ನೀರು ಹಾಕಿ ಎನ್ನುತ್ತಿದ್ದೇನೆ. ಸಿಮೆಂಟ್ ಗಟ್ಟಿಯಾಗಲು ಈ ನೀರು ಬೇಕೇ ಬೇಕು. ಅದಾದ ಮೇಲೆ ಕನಿಷ್ಠ ನಾಲ್ಕು ವಾರ ಒಣಗಲು ಬಿಡಿ. ಹೊಸ ಸಿಮೆಂಟಿನ ಕ್ಷಾರ ಇಳಿಯುವ ಮುಂಚೆ ಬಣ್ಣ ಹಚ್ಚಿದರೆ ಬಣ್ಣ ಮಂಕಾಗಿ ಪುಡಿ ಪುಡಿಯಾಗುತ್ತದೆ.

ಸಣ್ಣ ಬಿರುಕನ್ನು ಪಟ್ಟಿಯ ತುದಿಯಿಂದ ವಿ ಆಕಾರಕ್ಕೆ ಬಿಡಿಸಿ, ಬಿರುಕು ತುಂಬುವ ಪೇಸ್ಟ್ ತುಂಬಿ. ಕಂಬ ಮತ್ತು ಗೋಡೆ ಸೇರುವ ಕಡೆ ಬರುವ ಬಿರುಕು ಮತ್ತೆ ಮತ್ತೆ ತೆರೆಯುತ್ತದೆ. ಅದರ ಮೇಲೆ ಫೈಬರ್ ಬಲೆಯ ಟೇಪು ಅಂಟಿಸಿ ಪುಟ್ಟಿ ಎಳೆಯಿರಿ.

ಹೆಜ್ಜೆ 6: ಪುಟ್ಟಿ

ಒಂದು ಕಿಲೊ ವೈಟ್ ಸಿಮೆಂಟ್ ಪುಟ್ಟಿಗೆ 350ರಿಂದ 400 ಮಿಲಿ ನೀರು ಸುಮಾರಾಗಿ ಸರಿಹೋಗುತ್ತದೆ. ಚೀಲದ ಮೇಲಿನ ಪ್ರಮಾಣವನ್ನೂ ಓದಿ. ಗಂಟಿಲ್ಲದಂತೆ ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಿ. ಎರಡು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಬೆರೆಸಿ ಬಳಸಬೇಡಿ. ಗೋಡೆಯನ್ನು ಲಘುವಾಗಿ ಒದ್ದೆ ಮಾಡಿ, ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಎರಡನೇ ಕೋಟ್. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಹೆಚ್ಚು ದಪ್ಪ ಹಳ್ಳವನ್ನು ತುಂಬುವುದು ಸಿಮೆಂಟಿನ ಕೆಲಸ.

ಮಾರನೇ ದಿನ 120ರಿಂದ, ಆಮೇಲೆ 220ರಿಂದ ಉಜ್ಜಿ. ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಉಬ್ಬು ತಗ್ಗು ನೆರಳಾಗಿ ಕಾಣುತ್ತವೆ. ದೂಳನ್ನು ಪೂರ್ತಿ ಒರೆಸಿ. ದೂಳಿನ ಮೇಲೆ ಹೊಡೆದ ಪ್ರೈಮರ್ ದೂಳಿನ ಜೊತೆಗೇ ಏಳುತ್ತದೆ.

ಹೆಜ್ಜೆ 7: ಪ್ರೈಮರ್, ಬಣ್ಣ

ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್. ಒಂದು ಲೀಟರ್ ಬಣ್ಣ ಎರಡು ಕೋಟ್ ಲೆಕ್ಕದಲ್ಲಿ 50ರಿಂದ 70 ಚದರಡಿಗೆ ಬರುತ್ತದೆ. 10 ಅಡಿ, 12 ಅಡಿಯ ಕೋಣೆಯ ಎತ್ತರ 10 ಅಡಿ ಇದ್ದರೆ ಬಾಗಿಲು ಕಿಟಕಿ ಕಳೆದು ಗೋಡೆಗಳು ಸುಮಾರು 400 ಚದರಡಿ, ಅಂದರೆ 6ರಿಂದ 8 ಲೀಟರ್. ಒಂದೇ ಗೋಡೆಗೆ 2 ಲೀಟರ್ ಹತ್ತಿರ ಸಾಕು. ತೇಪೆಗೆ ಮಾತ್ರ ಬಣ್ಣ ಹಚ್ಚಿದರೆ ಎದ್ದು ಕಾಣುತ್ತದೆ, ಮೂಲೆಯಿಂದ ಮೂಲೆಯವರೆಗೆ ಇಡೀ ಗೋಡೆಗೆ ಹಚ್ಚಿ. ಅಂಚುಗಳನ್ನು ಬ್ರಷ್‌ನಿಂದ ಮೊದಲು ಮುಗಿಸಿ, ಅವು ಹಸಿ ಇರುವಾಗಲೇ ರೋಲರ್ ಓಡಿಸಿ. ಕೋಟ್‌ಗಳ ನಡುವೆ ನಾಲ್ಕು ಗಂಟೆ ಬಿಡಿ.

ಅದೇ ಖರ್ಚಿನಲ್ಲಿ ಕೋಣೆಗೆ ಇನ್ನಿಷ್ಟು

- ಸೀಲಿಂಗ್‌ಗೆ ಅಚ್ಚ ಬಿಳಿ, ಗೋಡೆಗೆ ತಿಳಿ ಬಣ್ಣ. ಸಣ್ಣ ಕೋಣೆಯಲ್ಲಿ ಬೆಳಕು ಹೆಚ್ಚುತ್ತದೆ.
- ಕಿರ್ರೆನ್ನುವ ಬಾಗಿಲ ಕೀಲಿಗೆ ಎರಡು ತೊಟ್ಟು ಎಣ್ಣೆ. ಸಡಿಲವಾದ ಸ್ಕ್ರೂ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುಂಬಿ ಮತ್ತೆ ತಿರುಗಿಸಿ.
- ಮಳೆಗಾಲಕ್ಕೆ ಹಿಗ್ಗಿದ ಬಾಗಿಲನ್ನು ಆಗಲೇ ಕೆತ್ತಿಸಬೇಡಿ. ಬೇಸಿಗೆಗೆ ಕುಗ್ಗಿ ಸಂದು ಬೀಳುತ್ತದೆ.
- ಬೀರುವಿನ ಹಿಂದೆ ನಾಲ್ಕು ಇಂಚು ಜಾಗ ಬಿಡಿ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ.
- ಪ್ರತಿ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ತಾರಸಿ ಗುಡಿಸಿ, ನೀರಿನ ಕಿಂಡಿ ಬಿಡಿಸಿ, ಕಿಟಕಿಯ ಸಂದು ನೋಡಿ. ಮೊದಲ ದೊಡ್ಡ ಮಳೆಯ ಮಾರನೇ ದಿನ ಟಾರ್ಚ್ ಹಿಡಿದು ಎಲ್ಲ ಮೂಲೆ ನೋಡಿ. ಬೆರಳಗಲದ ಕಲೆ ಕಂಡರೆ ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ನೀರಿನ ಮೂಲ ಹುಡುಕಲು ಅಂದೇ ಶುರು ಮಾಡಿ.